ಬ್ಲಾಂಕಾ ಎಂದು ಓಗೊಟ್ಟವಳು

ಹೋದ ತಿಂಗಳು ಸಿಡ್ನಿಯ ಚಾಟ್ಸ್‌ವುಡ್‌ನಲ್ಲಿ ಹಲ್ಲಿನ ಡಾಕ್ಟರ ಬಳಿ ಹೋಗಬೇಕಾಗಿತ್ತು. ಇನ್ನೂ ಅರ್ಧ ಗಂಟೆ ಇದೆಯೆಂದು ಪಕ್ಕದಲ್ಲಿದ್ದ ಹಳೆಯ ಬಟ್ಟೆಗಳ ಅಂಗಡಿಯೊಳಗೆ ಹೋದೆ. ಸಾಲಾಗಿ ತೂಗುಹಾಕಿದ್ದ ಕೋಟುಗಳನ್ನು ಸರಿಸುತ್ತಿದ್ದಾಗ ಉಣ್ಣೆಯ ಕೋಟೊಂದರಿಂದ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಕೈ ತಾನಾಗಿ ಹಿಂದಕ್ಕೆ ಬಂತು. ಅಂಗಡಿಯ ಹುಡುಗಿ ಏನಾದರೂ ಬೇಕಿತ್ತಾ ಎಂದು ಕೇಳಿದಳು. ಏನಿಲ್ಲ ಎಂದು ಹೊರಗೆ ಬಂದು ಬಿಸಿಲಿನಲ್ಲಿ ನಿಂತೆ. ನಾನು ಅಷ್ಟು ಸುಲಭಕ್ಕೆ ಹೆದರುವವಳಲ್ಲ. ಆದರೆ ಮೆಲ್ಬರ್ನಿನ ಕ್ಲೇಟನ್‌ನಲ್ಲಿ ಕಳೆದ ಒಂದು ಚಳಿಗಾಲ ಮಾತ್ರ ನನ್ನನ್ನು ಹೆದರಿಸಿತ್ತು. ಸಿಡ್ನಿಗೆ ಬಂದು ಇಷ್ಟು ಕಾಲವಾದರೂ ಆ ಹೆದರಿಕೆ ಪೂರ್ತಿ ಹೋಗಿಲ್ಲವೆಂದು ಅವತ್ತು ಗೊತ್ತಾಯಿತು.

ಕೋವಿಡ್ ಕಾಲದಲ್ಲಿ ಮುಚ್ಚಿದ್ದ ದೇಶದ ಬಾಗಿಲು ತೆರೆದ ಮೇಲಿನ ಎರಡನೆಯ ಚಳಿಗಾಲ ಅದು. ತುಮಕೂರಿನ ಹೈಸ್ಕೂಲೊಂದರಲ್ಲಿ ಹನ್ನೊಂದು ವರ್ಷ ಜೀವಶಾಸ್ತ್ರ ಹೇಳಿಕೊಟ್ಟಿದ್ದ ನನಗೆ ಇಲ್ಲಿ ಟೀಚರ್ ಆಗಲು ಮತ್ತೆ ಓದಬೇಕಿತ್ತು. ಅದಕ್ಕೆ ಮನಸ್ಸು ಬರಲಿಲ್ಲ. ಅಷ್ಟರಲ್ಲಿ ಕ್ಲೇಟನ್‌ನ ಒಂದು ಸಮುದಾಯ ಆರೋಗ್ಯ ಕೇಂದ್ರದಲ್ಲಿ ಆರು ತಿಂಗಳ ಕೆಲಸ ಸಿಕ್ಕಿತು. ಜೂನ್‌ನಿಂದ ನವೆಂಬರ್‌ವರೆಗೆ. ಐವತ್ತು ದಾಟಿದ ವಲಸಿಗ ಹೆಂಗಸರನ್ನು ಮಾತಾಡಿಸಿ ಸ್ತನ ಕ್ಯಾನ್ಸರಿನ ತಪಾಸಣೆಗೆ ಒಪ್ಪಿಸುವುದು ಕೆಲಸ. ತಪಾಸಣೆ ಉಚಿತ. ಎರಡು ವರ್ಷಕ್ಕೊಮ್ಮೆ ಕರೆಯೋಲೆ ಮನೆಗೇ ಬರುತ್ತದೆ. ಹೋಗಿ ಬರಲು ಅರ್ಧ ಗಂಟೆ ಸಾಕು. ಆದರೂ ಎಷ್ಟೋ ಮನೆಗಳಲ್ಲಿ ಆ ಲಕೋಟೆಯನ್ನು ಒಡೆಯುತ್ತಲೇ ಇರಲಿಲ್ಲ.

ನನಗೆ ವಹಿಸಿದ್ದು ನಮ್ಮ ಕಡೆಯ ಹೆಂಗಸರನ್ನು. ಕನ್ನಡ ಸಂಘದ ಕಾರ್ಯಕ್ರಮಗಳಲ್ಲಿ ಊಟದ ತಟ್ಟೆ ಹಿಡಿದು ನಿಂತವರ ಬಳಿ ಹೋಗಿ ಮೆಲ್ಲಗೆ ಮಾತು ತೆಗೆಯುತ್ತಿದ್ದೆ. ಇಪ್ಪತ್ತು ವರ್ಷದಿಂದ ಇಲ್ಲಿರುವ ಇಂಜಿನಿಯರ್ ಆಂಟಿಯೊಬ್ಬರು ಸಂಘದ ಹಾಲ್‌ನಲ್ಲಿ ಎಲ್ಲರೆದುರು, "ನಮ್ಗೇನೂ ಇಲ್ಲ ಬಿಡಿ ಶೈಲಾ, ಸುಮ್ನೆ ಹೋಗಿ ಇಲ್ಲದ್ದನ್ನ ಹುಡುಕ್ಕೊಂಡು ಬರೋದ್ಯಾಕೆ," ಎಂದು ನನ್ನ ಬಾಯಿ ಮುಚ್ಚಿಸಿದ್ದರು.

ಕೇಂದ್ರದಲ್ಲಿ ನನ್ನ ಎದುರಿನ ಮೇಜು ರೊಸಾರಿಯೊಳದು. ಚಿಲಿ ದೇಶದವಳು, ಹತ್ತೊಂಬತ್ತನೇ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ಬಂದು ಇಲ್ಲೇ ಅರವತ್ತು ದಾಟಿದವಳು. ಚಿಲಿ, ಎಲ್ ಸಾಲ್ವಡಾರ್, ಕೊಲಂಬಿಯಾ ಕಡೆಯ ಹೆಂಗಸರೆಲ್ಲ ಅವಳ ಪಾಲು. ಆಫೀಸು ಗುಡಿಸುವವರು, ವೃದ್ಧಾಶ್ರಮದಲ್ಲಿ ದುಡಿಯುವವರು, ಹೋಟೆಲಿನ ಅಡಿಗೆಮನೆಯಲ್ಲಿ ಪಾತ್ರೆ ತೊಳೆಯುವವರು. ಅವರೆಲ್ಲ ಅವಳನ್ನು ದೋನ್ಯಾ ರೊಸಾರಿಯೊ ಎಂದು ಮರ್ಯಾದೆಯಿಂದ ಕರೆಯುತ್ತಿದ್ದರು. ಅವಳು ನನ್ನನ್ನು ಮಿಹಾ ಎನ್ನುತ್ತಿದ್ದಳು. ಮಗಳೇ ಅಂತ. ಆ ಚಳಿಗಾಲದಲ್ಲಿ ಅವಳ ಎರಡೂ ಕಣ್ಣಿಗೆ ಪೊರೆಯ ಆಪರೇಷನ್ ಆಗಿ ಕಾರು ಓಡಿಸುವಂತಿರಲಿಲ್ಲ. ಮನೆಗಳಿಗೆ ಇಬ್ಬರಾಗಿಯೇ ಹೋಗಬೇಕೆಂಬ ನಿಯಮ ಬೇರೆ ಇತ್ತು. ಹಾಗಾಗಿ ಸ್ಪ್ಯಾನಿಷಿನ ಒಂದಕ್ಷರ ಬಾರದ ನಾನು ಅವಳ ಡ್ರೈವರ್ ಆದೆ.

ಅವಳ ಕೆಲಸ ನೋಡುವುದೇ ಒಂದು ಪಾಠ. ಯಾರ ಮನೆಗೆ ಹೋದರೂ ಕ್ಯಾನ್ಸರ್ ಎಂಬ ಮಾತನ್ನು ಮೊದಲು ಎತ್ತುತ್ತಿರಲಿಲ್ಲ. ಊರಲ್ಲಿರುವ ತಾಯಿಯ ಬಗ್ಗೆ ಕೇಳುವಳು, ಆಮೇಲೆ ಮಂಡಿನೋವು, ಆಮೇಲೆ ಮಕ್ಕಳು. ಎದೆಯ ವಿಷಯ ಬರಬೇಕಾದರೆ ಎರಡು ಕಪ್ ಕಾಫಿ ಮುಗಿಯಬೇಕು ಎನ್ನುತ್ತಿದ್ದಳು. ಅವರ ಉತ್ತರಗಳು ಮಾತ್ರ ಸಂಘದ ಹಾಲ್‌ನಲ್ಲಿ ನಾನು ಕೇಳಿದವುಗಳಿಗಿಂತ ಬೇರೆಯಾಗಿರಲಿಲ್ಲ. ದೇವರಿದ್ದಾನೆ, ರಜೆ ಸಿಗಲ್ಲ, ಗಂಡಸರು ಫೋಟೋ ತೆಗೀತಾರಾ, ಹುಡುಕಿದರೆ ತಾನೇ ಸಿಗೋದು.

ಬ್ಲಾಂಕಾ ಎಂಬ ಹೆಸರು ನಮ್ಮ ಪಟ್ಟಿಯಲ್ಲಿತ್ತು. ಐವತ್ತೇಳು ವರ್ಷ, ಎಲ್ ಸಾಲ್ವಡಾರ್‌ನವಳು, ಕೇಂದ್ರದ ಡಾಕ್ಟರ ಬಳಿ ಹಿಂದೆ ಬರುತ್ತಿದ್ದವಳು. ಆರು ವರ್ಷದ ಕೆಳಗೆ ಒಮ್ಮೆ ತಪಾಸಣೆ ಮಾಡಿಸಿದ್ದಳು. ಆಗ ಎಡ ಎದೆಯಲ್ಲಿ ಏನೋ ಕಂಡು, ಸೂಜಿಯಿಂದ ಚೂರು ತೆಗೆದು ನೋಡಿ, ಕೆಟ್ಟದ್ದೇನಲ್ಲವೆಂದು ಕಳಿಸಿದ್ದರು. ಆಮೇಲೆ ಎಷ್ಟು ಕಾಗದ ಹೋದರೂ ಬರಲಿಲ್ಲ.

ರೊಸಾರಿಯೊ ಸ್ಪೀಕರಿನಲ್ಲಿಟ್ಟು ಫೋನ್ ಮಾಡಿದಳು. ಎತ್ತಲಿಲ್ಲ. ಧ್ವನಿಮುದ್ರಿತ ಮಾತು ಕೇಳಿಸಿತು. ತುಂಬು ದನಿ, ಮಾತಿನ ಮಧ್ಯೆಯೇ ನಗು. ನಾನು ಬ್ಲಾಂಕಾ, ಈಗ ಇಲ್ಲಿಲ್ಲ, ಏನಿದ್ದರೂ ಹೇಳಿಬಿಡಿ ಎನ್ನುತ್ತಿದ್ದಾಳೆ ಎಂದು ರೊಸಾರಿಯೊ ನನಗೆ ಹೇಳಿದಳು. ಎರಡೇ ನಿಮಿಷದಲ್ಲಿ ಅದೇ ನಂಬರಿನಿಂದ ಫೋನ್ ಬಂತು. ಈ ಸಲದ ದನಿ ತೆಳ್ಳಗಿತ್ತು, ಒಣಗಿತ್ತು. ನಾನು ಬ್ಲಾಂಕಾ, ಯಾಕೆ ಫೋನ್ ಮಾಡಿದ್ದು ಎಂದು ಕೇಳಿತು. ರೊಸಾರಿಯೊ ತಡವರಿಸಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಬುಧವಾರ ಬರುತ್ತೇವೆಂದು ಹೇಳಿ ಫೋನ್ ಇಟ್ಟವಳು ಸ್ವಲ್ಪ ಹೊತ್ತು ಪರದೆಯನ್ನೇ ನೋಡುತ್ತ ಕೂತಳು.

"ಶೀತ ಆಗಿರಬಹುದು," ಎಂದೆ.

"ಶೀತ ಆದ್ರೆ ದನಿ ಕಟ್ಟುತ್ತೆ ಮಿಹಾ. ಬೇರೆಯವರದ್ದಾಗಲ್ಲ."

ಬುಧವಾರ ಮಧ್ಯಾಹ್ನ ಮೂರಕ್ಕೇ ಮಬ್ಬು ಕವಿದಿತ್ತು. ಒಂದೇ ಸೈಟಿನಲ್ಲಿ ಸಾಲಾಗಿ ಕಟ್ಟಿದ ನಾಲ್ಕು ಯೂನಿಟ್‌ಗಳು. ಉದ್ದನೆಯ ಡ್ರೈವ್‌ವೇಯ ತುದಿಯಲ್ಲಿರುವ ಕೊನೆಯದು ಬ್ಲಾಂಕಾಳದು. ಮೂರನೆಯ ಯೂನಿಟ್ಟಿನ ಮುಂದೆ ಕಪ್ಪು ಬಟ್ಟೆ ಉಟ್ಟ ಮುದುಕಿಯೊಬ್ಬಳು ನಿಂಬೆಗಿಡದ ಕೆಳಗೆ ಬಿದ್ದಿದ್ದ ಹಣ್ಣು ಆರಿಸುತ್ತಿದ್ದಳು. ವೂಲಾ ಎಂದು ಹೆಸರು, ಗ್ರೀಸಿನವಳು, ವಿಧವೆ, ಎಂಬತ್ತರ ಮೇಲಿನ ವಯಸ್ಸು. ನಾವು ಯಾರ ಮನೆಗೆ ಎಂದು ಕೇಳಿದಳು. ಬ್ಲಾಂಕಾ ಎಂದೆವು. ಅವಳು ಬಗ್ಗಿದ್ದವಳು ನಿಧಾನಕ್ಕೆ ಎದ್ದು ನಿಂತಳು.

"ಬ್ಲಾಂಕಾ ಸತ್ತುಹೋದಳು. ನಾನು ಚರ್ಚಿನಲ್ಲಿ ಮೇಣದ ಬತ್ತಿ ಹಚ್ಚಿದೀನಿ."

ಹಾಗಾದರೆ ಮನೆಯಲ್ಲಿ ಈಗ ಯಾರಿದ್ದಾರೆ ಎಂದು ರೊಸಾರಿಯೊ ಕೇಳಿದಳು. ಮುದುಕಿ ಕೊನೆಯ ಯೂನಿಟ್ಟಿನ ಕಡೆ ನೋಡದೆಯೇ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು.

"ಬ್ಲಾಂಕಾನೇ ಇದಾಳೆ. ಬೆಳಿಗ್ಗೆ ಕೋಟು ಹಾಕ್ಕೊಂಡು ಕೆಲಸಕ್ಕೆ ಹೋಗ್ತಾಳೆ. ಮೊದಲು ನನ್ನ ಹತ್ತಿರ ನಿಂಬೆಹಣ್ಣು ಕೇಳಿ ತಗೊಂಡು ಹೋಗ್ತಿದ್ದಳು. ಸತ್ತ ಮೇಲೆ ಕೇಳಿಲ್ಲ."

ವಯಸ್ಸಾದವಳು, ಮರೆವಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಆ ಹದಿನೈದು ಹೆಜ್ಜೆ ನಡೆಯುವಾಗ ರೊಸಾರಿಯೊ ನನ್ನ ತೋಳು ಹಿಡಿದುಕೊಂಡಿದ್ದಳು. ಕಣ್ಣು ಮಂಜೆಂದೇನೂ ಅಲ್ಲ.

ಬಾಗಿಲು ನಾವು ತಟ್ಟುವ ಮೊದಲೇ ತೆರೆಯಿತು. ಸಣ್ಣ ಆಳು, ಕಪ್ಪು ಬಣ್ಣ ಹಚ್ಚಿದ ಕೂದಲು, ಮುಖಕ್ಕೆ ದೊಡ್ಡದಾದ ಕನ್ನಡಕ. ಮನೆಯೊಳಗೇ ಮಂಡಿಯವರೆಗಿನ ಉಣ್ಣೆಯ ಕೋಟು ತೊಟ್ಟಿದ್ದಳು. ಅದರಿಂದ ನುಸಿಗುಳಿಗೆಯ ವಾಸನೆ ಬರುತ್ತಿತ್ತು. ಬ್ಲಾಂಕಾ ಅಲ್ಲವೇ ಎಂದು ರೊಸಾರಿಯೊ ಕೇಳಿದಳು. ಉತ್ತರ ಬರಲು ಒಂದು ಕ್ಷಣ ಹೆಚ್ಚು ಹಿಡಿಯಿತು. ಎಲ್ಲಿಂದಲೋ ನಡೆದು ಬಂದು ಆ ಹೆಸರಿನೊಳಗೆ ನಿಂತುಕೊಂಡ ಹಾಗೆ. ಆಮೇಲೆ, ಸಿ, ಎಂದಳು. ಹೌದು.

ಒಳಗೆ ಹೀಟರ್ ಹಾಕಿರಲಿಲ್ಲ. ಹೊರಗಿಗಿಂತ ಒಳಗೇ ಹೆಚ್ಚು ಚಳಿ. ಕಿಟಕಿಯ ಪರದೆಗಳೆಲ್ಲ ಇಳಿಬಿದ್ದಿದ್ದವು. ಹಾಲಿನ ಗೋಡೆಯಲ್ಲಿದ್ದ ಕನ್ನಡಿಗೆ ಹೂವಿನ ಬೆಡ್‌ಶೀಟು ಹೊದಿಸಿತ್ತು. ಊಟದ ಮೇಜಿನ ಮೇಲೆ ತಪಾಸಣೆಗೆ ಕರೆದ ಕಾಗದಗಳನ್ನು ಒಂದರ ಮೇಲೊಂದು ಪೇರಿಸಿತ್ತು, ಒಂದನ್ನೂ ಒಡೆದಿರಲಿಲ್ಲ. ಪಕ್ಕದಲ್ಲಿ ಶಾಲಾ ಮಕ್ಕಳ ನೋಟ್‌ಬುಕ್ಕೊಂದು ತೆರೆದು ಬಿದ್ದಿತ್ತು. ಹಾಳೆಯ ತುಂಬ ಒಂದೇ ಸಹಿ. ಮೇಲಿನ ಸಾಲುಗಳಲ್ಲಿ ಕೈ ನಡುಗಿತ್ತು, ಕೆಳಗೆ ಬರುತ್ತ ಬರುತ್ತ ಸರಾಗವಾಗಿತ್ತು. ನಾನು ನೋಡಿದ್ದನ್ನು ಅವಳು ನೋಡಿದಳು. ಪುಸ್ತಕ ಮುಚ್ಚಿ ಅದರ ಮೇಲೆ ಕೈಯಿಟ್ಟುಕೊಂಡಳು.

ಕಾಫಿ ಕೊಡಲಿಲ್ಲ. ರೊಸಾರಿಯೊ ತಾಯಿಯ ಬಗ್ಗೆ ಕೇಳಿದಳು, ಅವಳು ನೆಲ ನೋಡಿದಳು. ಮಂಡಿನೋವಿನ ಬಗ್ಗೆ ಕೇಳಿದಳು, ಇಲ್ಲ ಎಂದಳು. ಎಲ್ಲ ಬಿಟ್ಟು ನೇರವಾಗಿ ತಪಾಸಣೆಯ ಮಾತಿಗೇ ಬಂದಾಗ ಅವಳ ಎಡಗೈ ಕೋಟಿನೊಳಗೆ ಹೋಗಿ ಎದೆಯ ಒಂದು ಕಡೆ ನಿಂತಿತು. ಆಮೇಲೆ ನನ್ನ ಕಡೆ ತಿರುಗಿ ಹರಕು ಇಂಗ್ಲಿಷಿನಲ್ಲಿ ಕೇಳಿದಳು.

"ನೀನು? ಮಾಡಿಸಿದೀಯಾ?"

ಹೌದು, ಮಾಡಿಸಿದ್ದೇನೆ ಎಂದೆ. ಸುಳ್ಳು. ಐವತ್ತು ತುಂಬಿ ಒಂದು ವರ್ಷವಾಗಿತ್ತು, ನನ್ನ ಹೆಸರಿನ ಲಕೋಟೆ ಬಟ್ಟೆಯ ಬೀರುವಿನಲ್ಲಿ ಸೀರೆಗಳ ಕೆಳಗಿತ್ತು. ಅಮ್ಮನ ತಂಗಿ, ನಮ್ಮ ಚಿಕ್ಕಮ್ಮ, ಏನಾಗಿದೆಯೆಂದು ಯಾರಿಗೂ ಹೇಳದೆ ಸೆರಗನ್ನು ಬಿಗಿಯಾಗಿ ಹೊದ್ದುಕೊಂಡೇ ಹೋಗಿಬಿಟ್ಟಿದ್ದರು. ಆ ಕಾಗದ ಕಂಡಾಗಲೆಲ್ಲ ನನಗೆ ಅವರ ಕೋಣೆಯ ಬಾಗಿಲು ನೆನಪಾಗುತ್ತಿತ್ತು. ಊರವರಿಗೆಲ್ಲ ಹೋಗಿ ಹೋಗಿ ಎನ್ನುತ್ತಿದ್ದ ನಾನು ಹೋಗಿರಲಿಲ್ಲ. ಅವಳು ನನ್ನನ್ನೇ ದಿಟ್ಟಿಸಿ ನೋಡಿದಳು. ಸುಳ್ಳು ಹೇಳಿ ಬದುಕುವವರಿಗೆ ಸುಳ್ಳು ಬೇಗ ಗೊತ್ತಾಗುತ್ತದೆಯೇನೋ. ಯೋಚಿಸಿ ಹೇಳುತ್ತೇನೆ ಎಂದು ನಮ್ಮನ್ನು ಕಳಿಸಿದಳು.

ಎರಡು ವಾರ ಕಳೆದ ಮೇಲೆ ಒಂದು ಬೆಳಿಗ್ಗೆ ಸ್ಪ್ಯಾನಿಷಿನಲ್ಲಿ ಅಚ್ಚಾದ ಹೊಸ ಕರಪತ್ರವನ್ನು ಅವಳ ಪೋಸ್ಟ್ ಡಬ್ಬಿಗೆ ಹಾಕಿ ಬರಲು ನಾನೊಬ್ಬಳೇ ಹೋದೆ. ಒಳಗೆ ಹೋಗುವ ಉದ್ದೇಶವಿರಲಿಲ್ಲ. ಮಂಜು ಎಷ್ಟು ದಟ್ಟವಾಗಿತ್ತೆಂದರೆ ಡ್ರೈವ್‌ವೇಯ ತುದಿ ಕಾಣುತ್ತಿರಲಿಲ್ಲ. ಡಬ್ಬಿ ಬಾಗಿಲ ಪಕ್ಕದಲ್ಲೇ ಇತ್ತು, ಅಡಿಗೆಮನೆಯ ಕಿಟಕಿ ಒಂದು ಗೇಣು ತೆರೆದಿತ್ತು. ಕರಪತ್ರ ಹಾಕಲು ಕೈ ಎತ್ತಿದಾಗ ಒಳಗಿನಿಂದ ಆ ದನಿ ಕೇಳಿಸಿತು. ತುಂಬು ದನಿ, ಮಾತಿನ ನಡುವೆ ನಗು. ಫೋನಿನಲ್ಲಿ ಕೇಳಿದ್ದ ಅದೇ ಮಾತುಗಳು. ಅದು ಮುಗಿದ ಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ತೆಳುವಾದ ಇನ್ನೊಂದು ದನಿ ಅದೇ ಮಾತುಗಳನ್ನು ಹೇಳಿತು. ನಗು ಬರುವ ಕಡೆ ನಗಲು ಹೋಗಿ ಕೆಮ್ಮಿತು. ಮತ್ತೆ ಮೊದಲ ದನಿ. ಮತ್ತೆ ಎರಡನೆಯದು. ನಾಲ್ಕನೆಯ ಸಲವೋ ಐದನೆಯ ಸಲವೋ ಎರಡನೆಯ ದನಿಯೂ ನಕ್ಕಿತು. ಹೆಚ್ಚು ಕಡಿಮೆ ಹಾಗೆಯೇ.

ಕರಪತ್ರ ಹಾಕಲಿಲ್ಲ. ತಿರುಗಿ ನಡೆದೆ. ಓಡಲಿಲ್ಲ ಎಂದು ಹೇಳಿಕೊಳ್ಳಬಹುದು, ಅಷ್ಟೆ. ಕಾರಿನ ಬಾಗಿಲು ಹಾಕಿಕೊಂಡು ಲಾಕ್ ಒತ್ತಿದೆ.

ಸಂಜೆ ನನ್ನ ಗಂಡ ಮೋಹನನಿಗೆ ಹೇಳಿದೆ. "ನೀನು ಆ ಮನೆಗೆ ಹೋಗೋದು ಬಿಟ್ಬಿಡು ಕಣೆ. ಅದು ಹೆಲ್ತ್ ಕೇಸ್ ಅಲ್ಲ, ಬೇರೆ ಏನೋ," ಎಂದ. ಮಗಳು ಲ್ಯಾಪ್‌ಟಾಪಿನಿಂದ ತಲೆಯೆತ್ತದೆ, ಯಾರೋ ಸಾಯುತ್ತಿರುವವರು ಇರಬೇಕು ಎಂದು ಇಂಗ್ಲಿಷಿನಲ್ಲಿ ಅಂದಳು. ಮರುದಿನ ರೊಸಾರಿಯೊಗೆ ಹೇಳಿದಾಗ ಅವಳು ನಗಲೂ ಇಲ್ಲ, ಹೆದರಲೂ ಇಲ್ಲ. ನಾವು ದೇಶ ಬಿಟ್ಟು ಬಂದಾಗ ನನ್ನಪ್ಪ ಬೇರೆಯವನ ಹೆಸರಿನಲ್ಲಿ ಗಡಿ ದಾಟಿದ, ಗಡಿ ದಾಟುವವರೆಗೆ ಅಮ್ಮ ಅವನನ್ನು ಆ ಹೆಸರಿನಿಂದಲೇ ಕರೆದಳು ಎಂದಷ್ಟೇ ಹೇಳಿದಳು.

ಆಗಸ್ಟ್ ಮೊದಲ ವಾರ ಕೊನೆಯ ಯೂನಿಟ್ಟಿನವಳೇ ರೊಸಾರಿಯೊಗೆ ಫೋನ್ ಮಾಡಿದಳು. ಬರುತ್ತೇನೆ, ಆದರೆ ಆ ಇಂಡಿಯನ್ ಹೆಂಗಸೂ ಜೊತೆಗಿರಬೇಕು ಎಂದಳಂತೆ. ನೋವು ಹೆಚ್ಚಾಗಿರಬೇಕೆಂದು ರೊಸಾರಿಯೊ ಊಹಿಸಿದಳು. ನೋವಿದ್ದರೆ ಮೊದಲು ಡಾಕ್ಟರಿಗೆ ತೋರಿಸಬೇಕು ಎಂದು ಹೇಳಿದ್ದಕ್ಕೆ, ಗಂಟೇನೂ ಇಲ್ಲ, ನೋವೂ ಇಲ್ಲ ಎಂದುಬಿಟ್ಟಿದ್ದಳು.

ತಪಾಸಣೆಯ ಕೇಂದ್ರ ಒಂದು ಶಾಪಿಂಗ್ ಸೆಂಟರಿನ ಹಿಂಬದಿಯಲ್ಲಿತ್ತು. ಗಾಜಿನ ಬಾಗಿಲ ಮುಂದೆ ಬಂದು ಅವಳು ನಿಂತುಬಿಟ್ಟಳು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ರೊಸಾರಿಯೊ ಎಷ್ಟು ಹೇಳಿದರೂ ಕಾಲು ಕೀಳಲಿಲ್ಲ. ಆ ಕ್ಷಣ ನನಗೆ ಏನನ್ನಿಸಿತೋ. ಅವಳ ಮುಂದೆ ನಿಂತು, ಅವತ್ತು ನಾನು ಸುಳ್ಳು ಹೇಳಿದೆ, ಮಾಡಿಸಿಲ್ಲ, ಹೆದರಿಕೆ, ಈಗ ಮೊದಲು ನಾನು ಹೋಗುತ್ತೇನೆ ಎಂದೆ. ರೊಸಾರಿಯೊ ಅದನ್ನು ಸ್ಪ್ಯಾನಿಷಿಗೆ ತಿರುಗಿಸುವ ಮೊದಲು ನನ್ನನ್ನೊಮ್ಮೆ ನೋಡಿದಳು. ಬಯ್ಯಲಿಲ್ಲ. ಕೋಟು ತೊಟ್ಟವಳು ಮಾತ್ರ ಮೊದಲ ಸಲ ನನ್ನ ಕೈ ಮುಟ್ಟಿದಳು. ಬೆರಳು ಹಿಮದ ಹಾಗಿದ್ದವು.

ಅವತ್ತು ಯಾರೋ ತಪ್ಪಿಸಿಕೊಂಡಿದ್ದರಿಂದ ನನಗೂ ಜಾಗ ಸಿಕ್ಕಿತು. ಮೇಲಿನ ಬಟ್ಟೆ ತೆಗೆದು ಯಂತ್ರದ ಮುಂದೆ ನಿಂತೆ. ತಣ್ಣನೆಯ ಹಲಗೆ, ಮೇಲಿನಿಂದ ಇಳಿದು ಒತ್ತುವ ಇನ್ನೊಂದು ಹಲಗೆ. ಉಸಿರು ಹಿಡಿಯಿರಿ ಎಂದಳು ಚಿತ್ರ ತೆಗೆಯುವಾಕೆ. ಹಿಡಿದೆ. ನೋವಾಯಿತು, ತಡೆಯಲಾರದಷ್ಟೇನಲ್ಲ. ನಾಲ್ಕು ಚಿತ್ರ, ಮುಗಿಯಿತು. ಒಂದು ವರ್ಷ ಬೀರುವಿನಲ್ಲಿ ಬಚ್ಚಿಟ್ಟಿದ್ದು ಇಷ್ಟನ್ನೇ. ಹೊರಗೆ ಬಂದು ಅವಳಿಗೆ ತಲೆಯಾಡಿಸಿದೆ. ಅವಳು ಕೋಟನ್ನು ನನ್ನ ತೊಡೆಯ ಮೇಲಿಟ್ಟು ಒಳಗೆ ಹೋದಳು.

ಹದಿನೈದು ನಿಮಿಷವಾದರೂ ಬರಲಿಲ್ಲ. ಚಿತ್ರ ತೆಗೆಯುವಾಕೆ ಬಾಗಿಲು ತೆರೆದು ರೊಸಾರಿಯೊಳನ್ನು ಒಳಗೆ ಕರೆದಳು. ನಾನು ಬಾಗಿಲ ಬಳಿಯೇ ಇದ್ದೆ, ಮಾತು ಕೇಳುತ್ತಿತ್ತು.

"ಎಡಗಡೆ ಆಪರೇಷನ್ ಏನಾದರೂ ಆಗಿದೆಯಾ ಅಂತ ಕೇಳಿ. ಹಿಂದಿನ ಸಲ ಚೂರು ತೆಗೆದ ಜಾಗದಲ್ಲಿ ಗುರುತಿಗೆ ಸಣ್ಣ ಲೋಹದ ಕ್ಲಿಪ್ ಇಟ್ಟಿದ್ದರು. ಹಳೇ ಚಿತ್ರದಲ್ಲಿ ಇದೆ. ಇವತ್ತಿನದರಲ್ಲಿ ಇಲ್ಲ."

ರೊಸಾರಿಯೊ ಕೇಳಿದಳು. ಬಟ್ಟೆ ಎಳೆದುಕೊಳ್ಳುವ ಸದ್ದಷ್ಟೇ ಕೇಳಿತು. ಚಿತ್ರ ತೆಗೆಯುವಾಕೆ, ತಾನು ತಪ್ಪು ತಿಳಿದಿದ್ದರೆ ಕ್ಷಮಿಸಬೇಕೆಂದೂ, ಆದರೆ ಎರಡೂ ಚಿತ್ರ ಒಬ್ಬರದೇ ಎಂದು ತನಗೆ ಅನ್ನಿಸುತ್ತಿಲ್ಲವೆಂದೂ ಮೆಲ್ಲಗೆ ಹೇಳಿದಳು. ನನ್ನ ತೊಡೆಯ ಮೇಲಿದ್ದ ಕೋಟು ಒಮ್ಮೆಗೇ ಭಾರವಾದಂತಾಯಿತು. ಅದನ್ನು ಪಕ್ಕದ ಕುರ್ಚಿಗೆ ಸರಿಸಿದೆ. ಒಳಗಿನಿಂದ ಅವಳು ಬಟ್ಟೆಯ ಗುಂಡಿಗಳನ್ನು ತಪ್ಪುತಪ್ಪಾಗಿ ಹಾಕಿಕೊಂಡು ಹೊರಬಂದು, ನಮ್ಮನ್ನು ದಾಟಿ, ಕಾರಿನ ಹತ್ತಿರ ಹೋಗಿ ನಿಂತಳು.

ಕಾರಿನೊಳಗೆ ಮೂವರೂ ಕೂತೆವು. ಗಾಜಿನ ಮೇಲೆ ನಮ್ಮ ಉಸಿರು ಕಟ್ಟಿ ಹೊರಗಿನದೆಲ್ಲ ಮರೆಯಾಯಿತು. ನಾನು ಕಾರು ಚಾಲೂ ಮಾಡಲಿಲ್ಲ. ಹಿಂದಿನ ಸೀಟಿನಿಂದ ಆ ತೆಳು ದನಿ ಶುರುವಾಯಿತು. ರೊಸಾರಿಯೊ ವಾಕ್ಯ ವಾಕ್ಯವಾಗಿ ನನಗೆ ಹೇಳುತ್ತ ಹೋದಳು.

ಅವಳ ಹೆಸರು ಇನೆಸ್. ಬ್ಲಾಂಕಾ ಅವಳ ಅಕ್ಕ, ನಾಲ್ಕು ವರ್ಷಕ್ಕೆ ದೊಡ್ಡವಳು. ಇನೆಸ್ ಅಕ್ಕನನ್ನು ನೋಡಲು ವಿಸಿಟರ್ ವೀಸಾದಲ್ಲಿ ಬಂದಿದ್ದಾಗಲೇ ಊರಿನಲ್ಲಿ ತಾಯಿಗೆ ಹುಷಾರು ತಪ್ಪಿತು. ನೀನು ಈಗ ತಾನೇ ಬಂದಿದ್ದೀಯ, ನಾನು ಹೋಗಿ ಬರುತ್ತೇನೆಂದು ಬ್ಲಾಂಕಾ ಹೊರಟಳು. ಮನೆಯ ಬೀಗದ ಕೈ, ತನ್ನ ಇಲ್ಲಿನ ಫೋನ್ ಎಲ್ಲವನ್ನೂ ತಂಗಿಗೆ ಕೊಟ್ಟಳು. ಅವಳು ಹೋದ ಮೂರೇ ವಾರಕ್ಕೆ ಗಡಿಗಳು ಮುಚ್ಚಿದವು. ಎದೆಯಲ್ಲಿ ಗಂಟಿರುವುದನ್ನು ಬ್ಲಾಂಕಾ ಆಗಲೇ ಮುಚ್ಚಿಟ್ಟುಕೊಂಡಿದ್ದಳು. ಹಿಂದೊಮ್ಮೆ ಸೂಜಿ ಚುಚ್ಚಿಸಿಕೊಂಡ ಹೆದರಿಕೆಗೆ ಮತ್ತೆ ಯಾರಿಗೂ ತೋರಿಸಿರಲಿಲ್ಲ. ಅದು ಊರಿನಲ್ಲಿ ಒಡೆಯಿತು. ಒಂದು ವರ್ಷ ನರಳಿ ಅಲ್ಲೇ ಸತ್ತಳು. ಇನೆಸ್ ಅದನ್ನೆಲ್ಲ ಫೋನಿನ ಪರದೆಯಲ್ಲಿ ನೋಡಿದಳು. ಅವತ್ತು ಅಳುತ್ತ ಹೊರಗೆ ಓಡಿ ವೂಲಾಳಿಗೆ ಮಾತ್ರ, ಬ್ಲಾಂಕಾ ಸತ್ತಳು ಎಂದಿದ್ದಳು. ಆ ಹೊತ್ತಿಗೆ ವೀಸಾ ಮುಗಿದಿತ್ತು. ತಾಯಿಯ ಔಷಧಿಗೆ ದುಡಿಯುವವರು ಬೇರಾರೂ ಇರಲಿಲ್ಲ. ಎಲ್ಲರೂ ಮಾಸ್ಕ್ ಹಾಕಿಕೊಳ್ಳುತ್ತಿದ್ದ, ಲಾಕ್‌ಡೌನಿನಲ್ಲಿ ನಿಂತಿದ್ದ ಕೆಲಸಗಳಿಗೆ ಮತ್ತೆ ಕರೆಯುತ್ತಿದ್ದ ಕಾಲ. ಅಕ್ಕನ ಕನ್ನಡಕ, ಅಕ್ಕನ ಕೋಟು ತೊಟ್ಟು, ಅಕ್ಕನ ಗುರುತಿನ ಕಾರ್ಡ್ ಕುತ್ತಿಗೆಗೆ ಹಾಕಿಕೊಂಡು ಅಕ್ಕನ ಸಫಾಯಿ ಕೆಲಸಕ್ಕೆ ಹೋದಳು. ಯಾರೂ ಏನೂ ಕೇಳಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದಳು. ಆಮೇಲೆ ಹೇಳಿದ್ದನ್ನು ರೊಸಾರಿಯೊ ಕೂಡಲೇ ನನಗೆ ಹೇಳಲಿಲ್ಲ. ನಾನು ತಿರುಗಿ ನೋಡಿದ ಮೇಲೆ ಹೇಳಿದಳು.

"ಅಕ್ಕ ಎಲ್ಲಿ ನೋಯುತ್ತೆ ಅಂತಿದ್ದಳೋ ಅಲ್ಲೇ ನನಗೆ ಈಗ ನೋಯುತ್ತೆ ಅಂತಿದಾಳೆ. ಹೆಸರು ತಗೊಂಡೆ, ಅದರ ಜೊತೆ ಅದೂ ಬಂತು ಅಂತಿದಾಳೆ."

ಜೀವಶಾಸ್ತ್ರದ ಟೀಚರ್ ಆಗಿದ್ದವಳು ನಾನು. ಅಕ್ಕತಂಗಿಯರಲ್ಲಿ ಕಾಯಿಲೆ ಹೀಗೆ ಹರಿದು ಬರುವುದನ್ನು ಕಪ್ಪುಹಲಗೆಯ ಮೇಲೆ ಬರೆದು ವಿವರಿಸಬಲ್ಲೆ. ಅವತ್ತು ಆ ಕಾರಿನಲ್ಲಿ ಮಂಜು ಕಟ್ಟಿದ ಗಾಜನ್ನು ತೋಳಿನಿಂದ ಒರೆಸುತ್ತ ಕೂತೆ. ಇನೆಸ್ ಮುಂದುವರಿಸಿದಳು. ಕನ್ನಡಿಯಲ್ಲಿ ತನ್ನ ಮುಖ ಹುಡುಕಿದರೆ ಅಕ್ಕನದೇ ಕಾಣುತ್ತಿತ್ತಂತೆ. ಅದಕ್ಕೇ ಬೆಡ್‌ಶೀಟು ಹೊದಿಸಿದ್ದು. ಮೊದಮೊದಲು ಅಕ್ಕನ ದನಿ ಕೇಳಲೆಂದೇ ತನ್ನ ಇನ್ನೊಂದು ಫೋನಿನಿಂದ ಆ ನಂಬರಿಗೆ ಫೋನ್ ಮಾಡುತ್ತಿದ್ದಳು. ಆಮೇಲೆ ಕೆಲಸದ ಕಡೆಯಿಂದ ಫೋನ್ ಬಂದರೆ ಗೊತ್ತಾಗಬಾರದೆಂದು ಹಾಗೆಯೇ ಮಾತಾಡಲು ಕಲಿತಳು. ಇತ್ತೀಚೆಗೆ ಬಾಯಿ ತೆರೆದರೆ ಯಾವ ದನಿ ಹೊರಡುತ್ತದೆಂದು ತನಗೇ ಗೊತ್ತಿಲ್ಲ ಎಂದಳು.

ಈಗ ಏನು ಮಾಡುವುದೆಂದು ನಾನು ರೊಸಾರಿಯೊಳನ್ನು ಕೇಳಿದೆ. ಸುಮ್ಮನೆ ಮನೆಗೆ ಬಿಟ್ಟುಬಂದರೆ ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ಫಲಿತಾಂಶದ ಕಾಗದ ಬ್ಲಾಂಕಾಳ ಹೆಸರಿಗೆ ಬರುತ್ತಿತ್ತು, ಆ ಕಾಗದಗಳ ರಾಶಿಯ ಮೇಲೆ ಇನ್ನೊಂದಾಗಿ ಕೂರುತ್ತಿತ್ತು. ಒಳಗೆ ಹೋಗಿ ನಿಜ ಹೇಳಿದರೆ ದೇಶದಿಂದ ಹೊರಗೆ ಹಾಕುತ್ತಾರೆಂದು ಇನೆಸ್‌ಳ ಹೆದರಿಕೆ. ಆ ಹೆದರಿಕೆ ಸುಳ್ಳೆಂದು ಖಂಡಿತವಾಗಿ ಹೇಳುವ ಧೈರ್ಯ ನಮ್ಮಿಬ್ಬರಿಗೂ ಇರಲಿಲ್ಲ. ರೊಸಾರಿಯೊ ಕಾರಿನಿಂದ ಇಳಿದು ಹಿಂದಿನ ಬಾಗಿಲು ತೆರೆದು, ಮಂಡಿಯೂರಿ ಅವಳ ಕಾಲ ಬಳಿ ಕೂತಳು. ಏನು ಹೇಳಿದಳೋ ನನಗೆ ಅರ್ಥವಾಗಲಿಲ್ಲ. ಇನೆಸ್ ಎಂಬ ಹೆಸರನ್ನು ಹತ್ತು ಸಲವಾದರೂ ಹೇಳಿದ್ದು ಮಾತ್ರ ಕೇಳಿಸಿತು. ಕೊನೆಗೆ ಇಬ್ಬರೂ ಕೈ ಹಿಡಿದುಕೊಂಡು ಗಾಜಿನ ಬಾಗಿಲ ಕಡೆ ನಡೆದರು. ಕೋಟು ಒಳಗೆ ಕುರ್ಚಿಯ ಮೇಲೆಯೇ ಉಳಿದಿತ್ತು. ಅದಿಲ್ಲದೆ ಅವಳು ಇನ್ನೂ ಸಣ್ಣಗೆ ಕಾಣುತ್ತಿದ್ದಳು.

ಅಲ್ಲಿನ ಹಿರಿಯ ನರ್ಸ್ ಕೋಣೆಯ ಬಾಗಿಲು ಹಾಕಿ ಎಲ್ಲವನ್ನೂ ಕೇಳಿದಳಂತೆ. ನಮ್ಮ ಕೆಲಸ ಎದೆಯ ಚಿತ್ರ ನೋಡುವುದು, ವೀಸಾ ನೋಡುವುದಲ್ಲ ಎಂದಳಂತೆ. ಹೊಸ ಫಾರಂ ತೆಗೆದು, ಅವಳ ಕೈಗೇ ಪೆನ್ನು ಕೊಟ್ಟು ಹೆಸರು ಬರೆಯಲು ಹೇಳಿದಳಂತೆ. ಇನೆಸ್‌ಗೆ ತನ್ನ ಸಹಿ ಹೇಗಿತ್ತೆಂದು ನೆನಪಿಗೆ ಬರಲು ಸ್ವಲ್ಪ ಹೊತ್ತು ಬೇಕಾಯಿತು ಎಂದು ರೊಸಾರಿಯೊ ಆಮೇಲೆ ಹೇಳಿದಳು.

ನನ್ನ ಕಾಗದ ಬೇಗ ಬಂತು, ಏನೂ ಇರಲಿಲ್ಲ. ಇನೆಸ್‌ಳನ್ನು ಮತ್ತೆ ಕರೆದರು. ದೊಡ್ಡ ಚಿತ್ರ, ಸ್ಕ್ಯಾನ್, ಸೂಜಿ. ಆ ದಿನ ಕೋಣೆಯಲ್ಲಿ ನಾನೂ ಇದ್ದೆ. ಮನೆಯಲ್ಲಿ ಯಾರಿಗಿತ್ತೆಂದು ತಿಳಿಯುವುದು ಮುಖ್ಯವಾದ್ದರಿಂದ ವೈದ್ಯೆ ಇಬ್ಬರ ಚಿತ್ರಗಳನ್ನೂ ಪರದೆಯ ಮೇಲೆ ಅಕ್ಕಪಕ್ಕ ಹಾಕಿದ್ದರು. ಒಂದರಲ್ಲಿ ಮುರಿದ ಗುಂಡುಸೂಜಿಯ ತುದಿಯಷ್ಟು ಬೆಳ್ಳಗಿನ ಕ್ಲಿಪ್. ಇನ್ನೊಂದರಲ್ಲಿ ಅದೇ ಎತ್ತರದಲ್ಲಿ, ಅದೇ ಮೂಲೆಯಲ್ಲಿ, ಅಂಚು ಚದುರಿದ ಒಂದು ಸಣ್ಣ ಬಿಳಿ ಚುಕ್ಕೆ. ರೊಸಾರಿಯೊಳ ಮಾತು ಅರ್ಧಕ್ಕೇ ನಿಂತಿತು. ಇದು ಕಾಕತಾಳೀಯ, ಈ ಭಾಗದಲ್ಲೇ ಹೆಚ್ಚಾಗಿ ಬರುವುದು ಎಂದರು ವೈದ್ಯೆ. ಇಷ್ಟು ಸಣ್ಣದು ಸಾಮಾನ್ಯವಾಗಿ ನೋಯುವುದೂ ಇಲ್ಲ ಎಂದು ಅವರೇ ಸೇರಿಸಿದರು. ಹಾಗಾದರೆ ಅವಳಿಗೆ ಇಷ್ಟು ದಿನ ನೋಯುತ್ತಿದ್ದುದು ಏನು ಎಂದು ನಾನು ಕೇಳಬೇಕೆಂದಿದ್ದೆ, ಕೇಳಲಿಲ್ಲ. ಇವತ್ತಿಗೂ ನನಗೆ ಉತ್ತರ ಗೊತ್ತಿಲ್ಲ.

ಕ್ಯಾನ್ಸರೇ ಆಗಿತ್ತು, ತೀರಾ ಮೊದಲ ಹಂತದ್ದು. ಮುಂದಿನದೆಲ್ಲ ಸುಲಭವಾಗಿ ಆಗಲಿಲ್ಲ. ಕೆಲಸದ ಕಡೆ ನಿಜ ಹೇಳಿದ್ದಕ್ಕೆ ಕೆಲಸ ಹೋಯಿತು. ಉಚಿತವಾಗಿ ವಾದಿಸುವ ವಕೀಲೆಯೊಬ್ಬಳನ್ನು ರೊಸಾರಿಯೊ ಹಿಡಿದಳು. ಊರಿಗೆ ಮರಳುವುದು ಇನೆಸ್‌ಗೆ ಅಪಾಯವೆನ್ನುವುದಕ್ಕೆ ಕಾರಣಗಳಿದ್ದವು, ಅವನ್ನು ನಾನಿಲ್ಲಿ ಬರೆಯಲಾರೆ. ಅರ್ಜಿ ಹೋಯಿತು. ಅರ್ಜಿ ತಲುಪಿದೆಯೆಂಬ ಕಾಗದ ಬಂದ ಮೇಲೆ ಆಸ್ಪತ್ರೆಯವರು ಚಿಕಿತ್ಸೆಗೆ ದಾರಿ ಮಾಡಿಕೊಟ್ಟರು. ಸೆಪ್ಟೆಂಬರ್ ಕೊನೆಗೆ ಆಪರೇಷನ್, ಆಮೇಲೆ ಮೂರು ವಾರ ವಿಕಿರಣ. ದಿನಾ ಬೆಳಿಗ್ಗೆ ಕರೆದುಕೊಂಡು ಹೋಗುತ್ತಿದ್ದವಳು ನಾನೇ. ಪ್ರತಿ ಬಾಗಿಲಲ್ಲೂ ಯಾರಾದರೊಬ್ಬರು ಹೆಸರು, ಹುಟ್ಟಿದ ದಿನ ಕೇಳುವರು. ಪ್ರತಿ ಸಲ ಅವಳ ಭುಜ ಬಿಗಿಯುವುದು ಪಕ್ಕದಲ್ಲಿ ನಿಂತ ನನಗೆ ಗೊತ್ತಾಗುತ್ತಿತ್ತು. ವೂಲಾ ಮಾತ್ರ ಕೊನೆಯವರೆಗೂ ಅವಳನ್ನು ಕಂಡರೆ ಶಿಲುಬೆಯ ಗುರುತು ಮಾಡಿಕೊಂಡು ಒಳಗೆ ಹೋಗುತ್ತಿದ್ದಳು. ಎಷ್ಟು ವಿವರಿಸಿದರೂ ಒಪ್ಪಲಿಲ್ಲ.

ನವೆಂಬರ್‌ನಲ್ಲಿ ನನ್ನ ಕೆಲಸದ ಅವಧಿ ಮುಗಿಯಲು ಒಂದು ವಾರವಿತ್ತು. ಮೋಹನನಿಗೆ ಮ್ಯಾಕ್ವೆರಿ ಪಾರ್ಕಿ‌ನಲ್ಲಿ ಕೆಲಸ ಸಿಕ್ಕಿ, ನಾವು ಸಿಡ್ನಿಗೆ ಹೊರಡುವುದು ನಿಶ್ಚಯವಾಗಿತ್ತು. ಹೇಳಿಹೋಗಲು ಇನೆಸ್‌ಳ ಮನೆಗೆ ಹೋದೆ. ರೊಸಾರಿಯೊ ಕೂಡ ಬಂದಿದ್ದಳು. ಕಿಟಕಿಗಳು ತೆರೆದಿದ್ದವು. ಇನೆಸ್ ಕೂದಲಿಗೆ ಬಣ್ಣ ಹಚ್ಚುವುದನ್ನು ಬಿಟ್ಟಿದ್ದಳು, ಬೈತಲೆಯುದ್ದಕ್ಕೂ ಬಿಳಿಗೂದಲು ಬಂದಿತ್ತು. ಮೇಜಿನ ಮೇಲೆ ಹೊಸದೊಂದು ಲಕೋಟೆ ಇತ್ತು. ತಪಾಸಣೆಗೆ ಬರಬೇಕೆಂದು ಬ್ಲಾಂಕಾಳಿಗೆ ಮತ್ತೊಂದು ಕರೆ. ಯಾವ ಕಡತದಿಂದ ಯಾವ ಕಡತಕ್ಕೆ ಸುದ್ದಿ ಹೋಗಿರಲಿಲ್ಲವೋ.

ಇದನ್ನು ನಿಲ್ಲಿಸಬಹುದಾ ಎಂದು ಇನೆಸ್ ಕೇಳಿದಳು. ಕಾಗದದ ಮೇಲಿದ್ದ ನಂಬರಿಗೆ ನಾನು ಫೋನ್ ಮಾಡಿ ಸ್ಪೀಕರಿಗೆ ಹಾಕಿದೆ. ಆ ಕಡೆಯ ಹೆಂಗಸು ಹೆಸರು, ಹುಟ್ಟಿದ ದಿನ ಕೇಳಿ, ಕಾಗದ ಬೇಡವೆನ್ನುವುದಕ್ಕೆ ಕಾರಣವೇನೆಂದಳು. ಅವರು ತೀರಿಕೊಂಡಿದ್ದಾರೆ ಎಂದೆ. ಸ್ವಲ್ಪ ಹೊತ್ತು ಕೀಲಿಮಣೆಯ ಸದ್ದು ಕೇಳಿತು. ಆಮೇಲೆ ಆ ಹೆಂಗಸು, ಕೇಳಿ ಬಹಳ ದುಃಖವಾಯಿತು, ನೀವು ಅವರಿಗೆ ಏನಾಗಬೇಕು ಎಂದು ಕೇಳಿದಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಇನೆಸ್ ಕೈ ಚಾಚಿ ಫೋನನ್ನು ತನ್ನ ಕಡೆಗೆ ಎಳೆದುಕೊಂಡಳು. ಬಗ್ಗಿ, ಅದರ ಹತ್ತಿರಕ್ಕೆ ಬಾಯಿ ತಂದಳು. ಅವಳು ಯಾರ ದನಿಯಲ್ಲಿ ಮಾತಾಡುತ್ತಾಳೋ ಎಂದು ನಾನು ಕಿವಿಗೊಟ್ಟೆ. ತೆಳ್ಳಗಿನ, ಒಣಗಿದ ದನಿಯೇ ಬಂತು.

"ತಂಗಿ," ಎಂದಳು ಇಂಗ್ಲಿಷಿನಲ್ಲಿ. "ನಾನು ಅವಳ ತಂಗಿ."

ಫೋನ್ ಇಟ್ಟ ಮೇಲೆ ಅವಳು ಅತ್ತಳು. ಆಪರೇಷನ್ನಿಗೂ ಅತ್ತಿರಲಿಲ್ಲ, ಕೆಲಸ ಹೋದಾಗಲೂ ಅತ್ತಿರಲಿಲ್ಲ. ತಾನು ಬ್ಲಾಂಕಾ ಆಗಿದ್ದಷ್ಟು ಕಾಲ ಬ್ಲಾಂಕಾ ಸತ್ತಿರಲಿಲ್ಲ, ಅಳುವುದು ಯಾರಿಗಾಗಿ. ನಾವಿಬ್ಬರೂ ಅವಳನ್ನು ಸುಮ್ಮನಾಗಿಸಲು ಹೋಗಲಿಲ್ಲ. ರೊಸಾರಿಯೊ ಅವಳ ಬೆನ್ನ ಮೇಲೆ ಕೈಯಿಟ್ಟು ಕೂತಳು. ನಾನು ಎದ್ದು ಹೋಗಿ ಕಾಫಿಗೆ ನೀರಿಟ್ಟೆ.